ರಂಗಕ್ಕನ ಬಾವಿ ಮತ್ತು ನನ್ನ ಕೆಲಸ

ದಬ್ಬೇಘಟ್ಟ,
9-3-2025, ಭಾನುವಾರ

ಪ್ರೀತಿಯ ಮಲ್ಲೇಶ್ ಅವರಿಗೆ,

ನಿಮ್ಮ ಅನಿತಾಳ ನಮಸ್ಕಾರಗಳು. ಆರೋಗ್ಯ ಹೇಗಿದೆ? ಹೋದ ವಾರ ಫೋನಿನಲ್ಲಿ ಮಾತಿಗಿಂತ ನಿಮ್ಮ ಕೆಮ್ಮೇ ಹೆಚ್ಚು ಕೇಳಿಸಿತು. ಕೇಳಿದರೆ "ಏನಿಲ್ಲ ಬುಡು" ಎಂದಿರಿ. ನಿಮ್ಮ 'ಏನಿಲ್ಲ'ದೊಳಗೆ ಏನೇನಿರುತ್ತದೆ ಎಂಬುದು ಇಷ್ಟು ವರ್ಷಗಳಲ್ಲಿ ನನಗೆ ತಿಳಿಯದೇ ಇದೆಯೇ? ಅತ್ತೆ ಕಷಾಯದ ಪುಡಿ ಕುಟ್ಟಿ ಕಟ್ಟಿಟ್ಟಿದ್ದಾರೆ, ಇದರ ಜೊತೆಗೇ ಪಾರ್ಸೆಲ್ ಹಾಕುತ್ತೇನೆ. ಬಿಸಿ ನೀರಿಗೆ ಹಾಕಿ ಕುಡಿಯಿರಿ, ಜೊತೆಯವರಿಗೆ ಹಂಚಿ ಮುಗಿಸಿಬಿಡಬೇಡಿ. ತ್ರಿಪುರಾದಲ್ಲಿ ಈಗ ಚಳಿ ಕಡಿಮೆಯಾಗಿರಬೇಕು. ರಾತ್ರಿ ಪಹರೆಗೆ ಹೋಗುವಾಗ ಕಿವಿಗೆ ಬಟ್ಟೆ ಕಟ್ಟಿಕೊಳ್ಳುತ್ತೀರಿ ತಾನೆ? ಗಡಿ ಕಾಯುವವರಿಗೆ ಮನೆಯಲ್ಲಿ ಕೂತವಳು ಹೇಳಿಕೊಡಬೇಕೇ ಎಂದು ನಗಬೇಡಿ. ನಿಮ್ಮ ಠಾಣೆಯ ಆ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಬರುತ್ತದೆ, ಹಿಂದೆ ಇನ್ನಷ್ಟು ಜನ ಫೋನು ಹಿಡಿದು ನಿಂತಿರುತ್ತಾರೆ. ಈಗ ಹೇಳಬೇಕಾದದ್ದು ಹಾಗೆ ಅವಸರದಲ್ಲಿ ಹೇಳುವ ವಿಷಯವಲ್ಲ ಕಣ್ರೀ. ಅದಕ್ಕೇ ಈ ಕಾಗದ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಶಿವರಾತ್ರಿಗೆ ಅತ್ತೆ ಈ ಸಲವೂ ನೀರು ಕೂಡ ಕುಡಿಯದೆ ಉಪವಾಸ ಮಾಡಿದರು, ಮಾರನೆಯ ದಿನ ಮಂಡಿ ನೋವು ಅಂತ ಮಲಗಿದರು. ಎರಡಕ್ಕೂ ಸಂಬಂಧವಿಲ್ಲವಂತೆ. ಮಾವನವರು ಮಾತ್ರೆ ತಪ್ಪಿಸುತ್ತಿಲ್ಲ. ಅಟ್ಟದ ಮೇಲಿನ ಕಾಯಿ ಅಲ್ಲಾಡಿಸಿದರೆ ಈಗ ಗಟಗಟ ಅನ್ನುತ್ತಿವೆ, ಯುಗಾದಿ ಕಳೆದ ಮೇಲೆ ಕೊಬ್ಬರಿ ಒಡೆಸೋಣ ಅನ್ನುತ್ತಾರೆ. ನಿಸರ್ಗಳಿಗೆ ಮುಂದಿನ ಹಲ್ಲು ಬಿದ್ದಿದೆ. 'ಸ' ಅನ್ನಲು ಬಾರದೆ ತನ್ನ ಹೆಸರನ್ನೇ 'ನಿಹರ್ಗ' ಅನ್ನುತ್ತಾಳೆ. ಮೊನ್ನೆ ಅಜ್ಜಿಯನ್ನು ಕೇಳುತ್ತಿದ್ದಳು, ಅಮ್ಮ ಲಾಯರ್ ಆದ ಮೇಲೆ ಮನೆಯಲ್ಲೂ ಕರಿ ಕೋಟು ಹಾಕಿಕೊಂಡೇ ರೊಟ್ಟಿ ತಟ್ಟುತ್ತಾಳಾ ಅಂತ. ಅತ್ತೆ, "ತಟ್ಟಿದ್ರೆ ಸಾಕು ಕಣೇ, ಏನ್ ಹಾಕ್ಕೊಂಡ್ರೇನು" ಅಂದರು.

ಇನ್ನು ನನ್ನ ಕೆಲಸದ ಸಂಗತಿ. ಮೂರು ವರ್ಷದ ಹಿಂದೆ ನನ್ನನ್ನು ತುಮಕೂರಿನ ಕಾನೂನು ಕಾಲೇಜಿಗೆ ಸೇರಿಸಿ ಬಂದವರು ನೀವೇ. ಇದು ಕೊನೆಯ ಸೆಮಿಸ್ಟರ್. ಓದು ಮುಗಿದ ಮೇಲೆ ತಿಪಟೂರಿನಲ್ಲಿ ನಿಮ್ಮ ದೊಡ್ಡಪ್ಪನ ಮಗ ಜ್ಞಾನೇಶ್ ಭಾವನವರ ಆಫೀಸಿಗೆ ಹೋಗುವುದೆಂದು ನೀವೂ ಮಾವನವರೂ ಆಗಲೇ ಮಾತಾಡಿಕೊಂಡಿದ್ದಿರಿ. ಹೋದ ಬೇಸಿಗೆಯಲ್ಲಿ ಅಲ್ಲೇ ಕೂತು ಕೆಲಸ ಕಲಿತೆ. ಭಾವನವರು ಒಳ್ಳೆಯ ವಕೀಲರು, ಅದರಲ್ಲಿ ಎರಡು ಮಾತಿಲ್ಲ. ಕಾಗದ ಪೂರ್ತಿ ಓದದೆ ಕೋರ್ಟಿಗೆ ಹೋಗುವವರಲ್ಲ. ಅರ್ಜಿಯಲ್ಲಿ ಒಂದು ಮಾತು ಹೆಚ್ಚಾದರೂ ಹೊಡೆದು ಹಾಕಿ, "ಅಳೋದು ಕಕ್ಷಿದಾರನ ಕೆಲಸ, ನಮ್ಮದಲ್ಲ" ಅನ್ನುತ್ತಾರೆ. ಆ ಪಾಠ ನನಗೆ ಮುಂದೆ ತುಂಬಾ ಉಪಯೋಗಕ್ಕೆ ಬಂತು. ಆದರೆ ಒಂದು ದಿನ ಮಾಯಸಂದ್ರದ ಕಡೆಯ ಒಬ್ಬ ಹೆಂಗಸು ಬಂದರು. ಅವರ ಊರಿನ ಮಕ್ಕಳು ಸ್ಕೂಲಿಗೆ ಹೋಗುವ ದಾರಿಗೆ ಯಾರೋ ಬೇಲಿ ಹಾಕಿದ್ದಾರೆ, ಮಕ್ಕಳು ಹಳ್ಳಕ್ಕಿಳಿದು ಹತ್ತಿ ಹೋಗಬೇಕು. ಭಾವನವರು ಸಮಾಧಾನವಾಗಿ ಕೇಳಿ, "ಇದು ಊರಿನ ವಿಷಯ ಕಣಮ್ಮ, ಒಬ್ಬರ ಕೇಸಲ್ಲ. ಪಂಚಾಯ್ತಿಗೆ ಹೋಗು" ಎಂದರು. ಆಕೆ, "ಅಲ್ಲಿಂದ್ಲೇ ಬಂದೆ ಸ್ವಾಮಿ" ಎಂದು ಹೇಳಿ, ಸೆರಗು ಸರಿಮಾಡಿಕೊಂಡು ಹೊರಟುಹೋದರು. ಭಾವನವರು ತಪ್ಪೇನೂ ಹೇಳಲಿಲ್ಲ. ಆದರೂ ತುರುವೇಕೆರೆ ಬಸ್ಸಿನಲ್ಲಿ ಕೂತು ಬರುವಾಗ ನನಗೆ ಅದೇ ಯೋಚನೆ. ಎಲ್ಲರ ವಿಷಯ ಯಾರ ಕೇಸೂ ಅಲ್ಲ ಎಂದಾದರೆ ಅದನ್ನು ಹಿಡಿಯುವವರು ಯಾರು?

ನಮ್ಮ ಕಾಲೇಜಿನ ಮೇಷ್ಟ್ರೊಬ್ಬರನ್ನು ಕೇಳಿದೆ. ಅದನ್ನೇ ಹಿಡಿಯುವ ವಕೀಲರೂ ಇದ್ದಾರೆ, ಸಾರ್ವಜನಿಕ ಹಿತಾಸಕ್ತಿಯ ಕಾನೂನು ಅಂದರೆ ಹೈಕೋರ್ಟಿನ ದೊಡ್ಡ ಅರ್ಜಿಗಳು ಮಾತ್ರವಲ್ಲ, ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೂ ಆ ಕೆಲಸ ಇದೆ ಎಂದರು. "ಆದ್ರೆ ಈ ಕೆಲಸಕ್ಕೆ ನೋಟಿಸ್ ಬೋರ್ಡಿನಲ್ಲಿ ಜಾಹೀರಾತು ಬರಲ್ಲಮ್ಮ. ಮಾಡೋರನ್ನ ಹುಡುಕಿಕೊಂಡು ನೀವೇ ಹೋಗಬೇಕು. ಬರಿಗೈಲಿ ಬಂದ್ರೆ ಮತ್ತೆ ಹೋಗಬೇಕು" ಎಂದರು. ಭಾವನವರಿಗೆ ಹೇಳಿದಾಗ ಅವರು ನಕ್ಕರು. "ಅದು ಹೊಟ್ಟೆ ತುಂಬಿದ ಮೇಲೆ ಮಾಡೋ ಕೆಲಸ ಅನಿತಾ. ಮೊದಲು ವಕೀಲಳಾಗು" ಅಂದರು. ನಾನು ಎದುರಾಡಲಿಲ್ಲ. ಆದರೆ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಆಗುವುದಾದರೆ ಇದೇ ವಕೀಲಳಾಗುತ್ತೇನೆ ಎಂದು.

ನಿಸರ್ಗ ಮಲಗಿದ ಮೇಲೆ ಕೂತು ಎಲ್ಲೆಲ್ಲಿಗೋ ಬರೆದೆ. ಕೆಲವರು ಉತ್ತರವನ್ನೇ ಕೊಡಲಿಲ್ಲ. ಕೆಲವರು ಮುಂದಿನ ವರ್ಷ ನೋಡೋಣ ಎಂದರು. ಬೆಂಗಳೂರಿನ ಒಂದು ಸಂಸ್ಥೆಯವರು ಸಂದರ್ಶನಕ್ಕೆ ಕರೆದರು. ಅತ್ತೆಯ ಹಸಿರು ಇಳಕಲ್ ಸೀರೆ ಉಟ್ಟು ಹೋದೆ. ಅಲ್ಲಿ ನನ್ನ ಜೊತೆ ಕೂತಿದ್ದವರೆಲ್ಲ ನನಗಿಂತ ಎಷ್ಟೋ ಚಿಕ್ಕವರು. ದೆಹಲಿಯಲ್ಲಿ ತರಬೇತಿ ಪಡೆದವರು, ಲೇಖನ ಬರೆದವರು. ನನ್ನ ಸರದಿ ಬಂದಾಗ ಇಂಗ್ಲಿಷಿನಲ್ಲಿ ಕೇಳಿದರು, ನಿಮ್ಮನ್ನೇ ಯಾಕೆ ತೆಗೆದುಕೊಳ್ಳಬೇಕು ಅಂತ. ಉತ್ತರ ಗೊತ್ತಿತ್ತು, ಮಾತು ಅರ್ಧಕ್ಕೇ ನಿಂತಿತು. ಕೊನೆಗೆ ಕನ್ನಡದಲ್ಲೇ ಹೇಳಿದೆ: ನಮ್ಮ ಕಡೆ ಇಂಥ ತೊಂದರೆಯವರು ಬೆಂಗಳೂರಿನ ತನಕ ಬರುವುದಿಲ್ಲ, ನಾನು ಅವರಿರುವಲ್ಲೇ ಇದ್ದೇನೆ, ಅದಕ್ಕೆ. ಅವರು ಮೆಚ್ಚಿದರು. ಆದರೆ ಕೆಲಸ ಕೊಡಲಿಲ್ಲ. ವಾರದ ನಂತರ ಮರ್ಯಾದೆಯಾಗಿ ಇಲ್ಲ ಎಂದು ಬರೆದರು. ಕೆಳಗೆ ಒಂದು ಸಾಲು ಸೇರಿಸಿದ್ದರು. ನೀವು ಹೇಳಿದ ಕೆಲಸವನ್ನು ನಿಮ್ಮ ಜಿಲ್ಲೆಯಲ್ಲೇ ಮಾಡುತ್ತಿರುವವರು ಮೀನಾಕ್ಷಮ್ಮ ಎಂಬ ವಕೀಲರು, ತುಮಕೂರಿನಲ್ಲಿದ್ದಾರೆ, ಹೋಗಿ ನೋಡಿ ಎಂದು. ಇಲ್ಲ ಎಂದ ಕಾಗದವನ್ನು ಯಾರಾದರೂ ಜೋಪಾನ ಮಾಡುತ್ತಾರೆಯೇ? ನಾನು ಮಾಡಿದ್ದೇನೆ.

ಸಂಕ್ರಾಂತಿ ಕಳೆದ ಮೇಲೆ ಮೀನಾಕ್ಷಮ್ಮನವರನ್ನು ನೋಡಲು ಹೋದೆ. ತುಮಕೂರಿನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಮಹಡಿ. ಕೆಳಗೆ ಮದುವೆ ಪತ್ರಿಕೆ ಅಚ್ಚಾಗುವ ಸದ್ದು, ಮೇಲೆ ಬಾಗಿಲಾಚೆಯ ಬೆಂಚಿನಲ್ಲಿ ಜನ ಕಾದು ಕೂತಿದ್ದರು. ಅರವತ್ತು ದಾಟಿದ ಹೆಂಗಸು, ಎತ್ತರದ ಆಳು, ಮಾತು ಕಮ್ಮಿ. ನನ್ನ ಅಂಕಪಟ್ಟಿ ಮುಟ್ಟಲೇ ಇಲ್ಲ. "ಕೆಲಸ ಕೇಳಿಕೊಂಡು ಬರೋ ಮಕ್ಕಳೆಲ್ಲ ಸಮಾಜಸೇವೆ ಮಾಡ್ತೀನಿ ಅಂತಾರೆ. ಒಂದು ತಿಂಗಳಿಗೆ ಕಾಲು ನೋಯ್ತದೆ, ಹೋಗಿಬಿಡ್ತಾರೆ" ಎಂದರು. ಆಮೇಲೆ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ನಿಮ್ಮೂರಿಗೆ ಹೋಗಿ. ಒಂದು ತೊಂದರೆ, ಒಬ್ಬರದಲ್ಲ, ಹತ್ತು ಜನರದ್ದು, ಪೂರ್ತಿ ಕೇಳಿ ಬರಕೊಂಡು ಬನ್ನಿ. ಅವರು ಹೇಳಿದ್ದನ್ನ ಬರೀರಿ, ನಿಮಗನ್ನಿಸಿದ್ದನ್ನಲ್ಲ. ಯಾರು ಹೊಣೆ, ಯಾವ ಕಾನೂನು, ಯಾವ ಕಚೇರಿ, ಎಲ್ಲ ಹುಡುಕಿ ಅರ್ಜಿ ಮಾಡಿ ತನ್ನಿ. ಆಮೇಲೆ ಮಾತಾಡೋಣ" ಎಂದರು. ನಾನು ಸರಿ ಎಂದೆ. ಮೆಟ್ಟಿಲಿಳಿಯುವಾಗ ಕಾಲು ಹಗುರವಾಗಿತ್ತು. ಅವರು ಇಲ್ಲ ಅನ್ನಲಿಲ್ಲವಲ್ಲ, ಅಷ್ಟೇ ಸಾಕಾಗಿತ್ತು.

ತೊಂದರೆ ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಲಿಲ್ಲ. ನಮ್ಮ ಮೇಲಿನ ತೋಟದಾಚೆ ಇಳಿಜಾರಿನಲ್ಲಿ ಹಟ್ಟಿ ಇದೆಯಲ್ಲ, ಅಲ್ಲಿಯ ರಂಗಕ್ಕ ನಿಮಗೆ ಗೊತ್ತು. ನಿಮ್ಮನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದ್ದೇನೆ ಎಂದು ಈಗಲೂ ಹೇಳುತ್ತಾಳೆ. ಅವಳು ಬೆಳಿಗ್ಗೆ ಬೆಳಿಗ್ಗೆಯೇ ನಮ್ಮ ಮನೆಯ ಮುಂದೆ ಎರಡು ಕೊಡ ಹೊತ್ತು ಹೋಗುತ್ತಿದ್ದಳು. ಹಟ್ಟಿಯಲ್ಲಿ ಬಾವಿ ಇರುವಾಗ ಇಷ್ಟು ದೂರ ಯಾಕೆ ಬಂದೆ ಎಂದು ಕೇಳಿದ್ದಕ್ಕೆ, "ಬಾ ತಾಯಿ, ತೋರಿಸ್ತೀನಿ" ಎಂದು ಕರೆದುಕೊಂಡು ಹೋದಳು. ಬಾವಿಗೆ ಕೊಡ ಬಿಟ್ಟು ಸೇದಿ ನನ್ನ ಮುಂದೆ ಇಟ್ಟಳು. ಹಾಲು ಹಾಕದ ಟೀ ಇರುತ್ತದಲ್ಲ, ಹಾಗಿತ್ತು ನೀರು. "ಮೊದಲು ಮಳೆಗಾಲದಾಗೆ ಹಿಂಗಾಗ್ತಿತ್ತು, ಈಗ ವರ್ಷಪೂರ್ತಿ ಇದೇಯ. ಕುರಿ ಮೂತಿ ಇಡಲ್ಲ ಕಣವ್ವ. ಕುರಿ ಕುಡೀದಿದ್ ನೀರ್ನಾಗೆ ನಾವು ಮಕ್ಕಳ್ನ ಮೀಯಿಸ್ತೀವಿ" ಎಂದಳು. ಅವಳ ಮೊಮ್ಮಗಳ ಮೈಮೇಲೆಲ್ಲ ತುರಿಕೆಯ ಕಲೆ. ಬೇರೆ ಮನೆಗಳಲ್ಲೂ ಹಾಗೇ. ಕುಡಿಯುವ ನೀರು ಊರಿನ ಶುದ್ಧ ನೀರಿನ ಘಟಕದಿಂದ ತರುತ್ತಾರೆ, ಗಾಡಿ ಇದ್ದವರಿಗೆ ಸರಿ, ಇಲ್ಲದವರಿಗೆ ತಲೆಯೇ ಗಾಡಿ.

ನೀರು ಯಾಕೆ ಹಾಗಾಯಿತು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಬಾವಿಯ ಮೇಲ್ಗಡೆಯೇ ತೋಂಟದಾರ್ಯನವರ ತೆಂಗಿನ ನಾರಿನ ಫ್ಯಾಕ್ಟರಿ. ಮಟ್ಟೆ ಬಡಿದು ನಾರು ತೆಗೆದ ಮೇಲೆ ಉಳಿಯುವ ಪುಡಿಯನ್ನು ತಂದು ಸುರಿದ ಗುಡ್ಡೆ ಈಗ ನಮ್ಮ ಮನೆಗಿಂತ ಎತ್ತರವಾಗಿದೆ. ಮಳೆ ಬಂದರೆ ಅದರ ರಸವೆಲ್ಲ ಇಳಿದು ಬಾವಿಗೇ. ಆ ಗುಡ್ಡೆ ಇರುವ ಜಾಗ ಯಾವುದು ಹೇಳಿ? ನಮ್ಮ ತೋಟದ ಅಂಚಿನ ಪಾಳು ನೆಲ. ಮಾವನವರು ಸ್ನೇಹಕ್ಕೆ ಬಿಟ್ಟುಕೊಟ್ಟದ್ದು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅಷ್ಟು ದಿನ ಆ ಗುಡ್ಡೆಯನ್ನು ಈ ಕಡೆಯಿಂದ ನೋಡಿದ್ದೆ, ಅವತ್ತು ರಂಗಕ್ಕನ ಬಾವಿಯ ಕಡೆಯಿಂದ ನೋಡಿದೆ. ಬೇರೆ ಯಾವುದಾದರೂ ತೊಂದರೆ ಹುಡುಕಿ ಬರೆಯಬಹುದಿತ್ತು. ಮಾಯಸಂದ್ರದ ಆ ಹೆಂಗಸಿನ ದಾರಿಯೂ ಇತ್ತು. ಒಂದು ಹಗಲು ಪೂರ್ತಿ ಅದನ್ನೇ ಯೋಚಿಸಿದೆ. ಆದರೆ ಮನೆಯ ಕೊಳೆ ಬಿಟ್ಟು ಪಕ್ಕದೂರಿನ ಕಸ ಗುಡಿಸಲು ಹೋಗುವವಳ ಕೈಗೆ ಯಾರು ಪೊರಕೆ ಕೊಡುತ್ತಾರೆ ಕಣ್ರೀ?

ಬರೆಯುವ ಮೊದಲು ಮಾವನವರಿಗೆ ಹೇಳುವುದು ನ್ಯಾಯ ಅನ್ನಿಸಿತು. ಸಂಜೆ ತೋಟದಿಂದ ಬಂದು, ಕೈಕಾಲು ತೊಳೆದು, ವಿಭೂತಿ ಇಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದರು. ಕಾಫಿ ಕೊಟ್ಟು, ನಿಂತುಕೊಂಡೇ ಎಲ್ಲ ಹೇಳಿದೆ. ಲೋಟ ಕೆಳಗಿಟ್ಟರು. "ಕೆಲಸ ಹುಡುಕ್ತೀನಿ ಅಂತ ಹೋದೋಳು ನಮ್ಮನೆ ಮೇಲೇ ಕೆಲಸ ಹುಡುಕ್ಕಂಡು ಬಂದ್ಯಾ? ಊರಲ್ಲಿ ಬೇರೆ ಅನ್ಯಾಯ ಸಿಗಲಿಲ್ವಾ ನಿಂಗೆ?" ಎಂದರು. ಅನ್ಯಾಯಗಳು ಬೇಕಾದಷ್ಟಿವೆ ಮಾವ, ಹತ್ತಿರದ್ದು ಇದು ಎಂದೆ. "ತೋಂಟದಾರ್ಯ ನನ್ನ ಜೊತೆ ಓದ್ದೋನು ಕಣಮ್ಮ. ಬಾಯಿಮಾತಲ್ಲಿ ಹೇಳಿದ್ರೆ ತೆಗೆಸ್ತಾನೆ. ಅದುಕ್ ಅರ್ಜಿ ಯಾಕೆ?" ಎಂದರು. ಹೇಳಿ ಮಾವ, ತೆಗೆಸಿದರೆ ನಾನು ಪೆನ್ನೇ ಹಿಡಿಯುವುದಿಲ್ಲ ಎಂದು ಮಾತು ಕೊಟ್ಟೆ. ಮಾರನೆಯ ದಿನವೇ ಹೋಗಿ ಹೇಳಿದರು. ತೋಂಟದಾರ್ಯನವರು ಬೆನ್ನು ತಟ್ಟಿ, "ಅದು ಪುಡಿಯೇನಯ್ಯಾ, ಗೊಬ್ಬರ. ಭೂಮಿಗೆ ಒಳ್ಳೇದು" ಎಂದು ಟೀ ಕುಡಿಸಿ ಕಳಿಸಿದರಂತೆ. ಅದೇ ವಾರ ಇನ್ನಷ್ಟು ಟ್ರ್ಯಾಕ್ಟರ್ ಪುಡಿ ಬಂದು ಬಿತ್ತು. ಮಾವನವರು ಜಗಲಿಯಿಂದಲೇ ಅದನ್ನು ನೋಡಿದರು. ಬರೆ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನನ್ನ ಜೊತೆ ಮಾತು ಮಾತ್ರ ಬಿಟ್ಟರು. ಏನಾದರೂ ಬೇಕಾದರೆ ನಿಸರ್ಗಳಿಗೆ ಹೇಳುತ್ತಿದ್ದರು, ಅವಳು ಪಕ್ಕದಲ್ಲೇ ನಿಂತ ನನಗೆ ಹೇಳುತ್ತಿದ್ದಳು. ನಿಮಗೆ ಫೋನಿನಲ್ಲಿ ಹೇಳುವುದು ಬೇಡ, ಗಡಿಯಲ್ಲಿರುವವರ ತಲೆ ಯಾಕೆ ಕೆಡಿಸುವುದು ಎಂಬ ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಒಮ್ಮತ.

ಅತ್ತೆ ಏನು ಹೇಳುತ್ತಾರೋ ಎಂದು ನನಗೆ ಹೆದರಿಕೆ ಇತ್ತು. ಒಂದು ದಿನ ಊಟಕ್ಕೆ ಬಡಿಸುವಾಗ ಯಾರಿಗೆ ಅಂತಲ್ಲದೆ, ಬೇಳೆ ಸರಿಯಾಗಿ ಬೆಂದಿಲ್ಲ ಎಂದು ಶುರು ಮಾಡಿದರು. "ನಾನು ಈ ಮನೆಗೆ ಬಂದಾಗ ಹಟ್ಟಿ ಬಾವಿ ನೀರಲ್ಲೇ ಬೇಳೆ ಬೇಯ್ಸದು. ಎಸರಿಗ್ ಹಾಕುದ್ರೆ ಬೆಣ್ಣೆ ಆಗದು. ಆ ಸಿಹಿನೀರು ಇನ್ನೆಲ್ಲಿ" ಎಂದು ಹೇಳಿ ಮಾವನವರ ತಟ್ಟೆಗೆ ಮುದ್ದೆ ಹಾಕಿದರು. ಮಾವನವರು ತಲೆ ಎತ್ತಲಿಲ್ಲ. ನಿಮ್ಮ ಅಮ್ಮ ಅಷ್ಟೇ ಹೇಳಿದ್ದು. ಮತ್ತೆ ಆ ಮಾತು ತೆಗೆಯಲಿಲ್ಲ.

ನಾನು ಹಟ್ಟಿಯ ಪ್ರತಿ ಮನೆಗೂ ಹೋಗಿ ಕೂತೆ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಗೌಡರ ಮನೆ ಸೊಸೆ, ನಾಳೆ ಮನೆಯವರ ಕಡೆಗೇ ತಿರುಗಿದರೆ ಎಂಬ ಅನುಮಾನ, ಅದು ಸಹಜ. ರಂಗಕ್ಕನೇ ಗದರಿದಳು: "ಅವಳು ಮಾವನ್ನ ಎದುರು ಹಾಕ್ಕಂಡು ಬಂದವಳೆ. ನೀವು ನಿಮ್ ಬಾವಿ ಬಗ್ಗೆ ಹೇಳಕ್ಕೆ ಹೆದರ್ತೀರಾ?" ಆಮೇಲೆ ಹೇಳಿದರು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡೆ. ಕಾನೂನು ಪುಸ್ತಕ ತಿರುವಿ ಹಾಕಿದೆ. ಸಾರ್ವಜನಿಕರಿಗೆ ಉಪದ್ರವವಾಗುವಂಥದ್ದನ್ನು ತೆಗೆಸುವ ಅಧಿಕಾರ ತಿಪಟೂರಿನ ಉಪವಿಭಾಗಾಧಿಕಾರಿಗಳಿಗಿದೆ, ಎ.ಸಿ. ಸಾಹೇಬರು ಅನ್ನುತ್ತೇವಲ್ಲ, ಅವರಿಗೆ. ಉಪದ್ರವ ಮಾಡಿದವರಷ್ಟೇ ಅಲ್ಲ, ಅದು ನಡೆಯುತ್ತಿರುವ ಜಾಗದ ಮಾಲೀಕರೂ ಉತ್ತರ ಹೇಳಬೇಕು. ಭಾವನವರು ಕಲಿಸಿದ ಹಾಗೆ ಅಳುವ ಮಾತು ಒಂದೂ ಇಲ್ಲದೆ ಅರ್ಜಿ ಬರೆದು, ಬಾವಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ತುಮಕೂರಿಗೆ ಹೋದೆ.

ಮೀನಾಕ್ಷಮ್ಮನವರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅರ್ಜಿ ಓದಿದರು, ಎರಡು ಸಲ. "ಜಾಗ ನಿಮ್ಮ ಮನೆಯದೇ?" ಎಂದರು. ಹೌದು ಎಂದೆ. "ಹಾಗಾದ್ರೆ ಈ ಕೇಸನ್ನು ನೀವು ಮುಟ್ಟೋ ಹಾಗಿಲ್ಲ. ಇವತ್ತಿಂದ ನಮ್ಮ ಆಫೀಸಿನ ಬೇರೆ ವಕೀಲರು ನೋಡಿಕೊಳ್ತಾರೆ. ನೀವು ಒಂದು ಮಾತೂ ಆಡಬಾರದು, ಆ ಕಡೆಗೂ, ಈ ಕಡೆಗೂ. ನೀರಿನ ಪರೀಕ್ಷೆಗೆ ಸರಿಯಾದ ಕಡೆಗೆ ನಾವೇ ಕಳಿಸ್ತೀವಿ" ಎಂದರು. ನನ್ನ ಮುಖ ಬಾಡಿತು. ಅವರು ಕನ್ನಡಕ ತೆಗೆದರು. "ಬೇಜಾರು ಮಾಡ್ಕೋಬೇಡಿ. ನಿಮ್ಮ ಮನೆಯ ಜಾಗ ಅನ್ನೋದನ್ನ ಮೊದಲನೇ ಪುಟದಲ್ಲೇ ಬರೆದಿದೀರಿ. ಅದನ್ನ ನೋಡಿಯೇ ಎರಡನೇ ಸಲ ಓದಿದ್ದು" ಎಂದರು. ಅರ್ಜಿಗೆ ಹಟ್ಟಿಯವರೆಲ್ಲ ಸಹಿ, ಹೆಬ್ಬೆಟ್ಟು ಹಾಕಿದರು. ಮೊದಲ ಹೆಸರು ರಂಗಕ್ಕನದು.

ಶಿವರಾತ್ರಿ ಮುಗಿದ ಮೇಲೆ ತಹಶೀಲ್ದಾರರು ಸ್ಥಳ ನೋಡಲು ಬಂದರು. ಹಟ್ಟಿಯವರು, ಫ್ಯಾಕ್ಟರಿಯ ಆಳುಗಳು, ಊರಿನ ಅರ್ಧ ಜನ ಸೇರಿದ್ದರು. ನಾನು ದೂರದಲ್ಲಿ, ನಮ್ಮ ತೋಟದ ಬದುವಿನ ಮೇಲೆ ನಿಂತಿದ್ದೆ. ಮಾತಾಡಬಾರದು ಎಂದಿದ್ದರಲ್ಲ. ತೋಂಟದಾರ್ಯನವರು ನಯವಾಗಿ ಹೇಳಿದರು: "ಈ ಪುಡಿ ಹೋದ ತಿಂಗಳು ಹಾಕ್ಸಿದ್ದು ಸಾರ್. ಬಾವಿ ಮೊದಲಿಂದ್ಲೂ ಹಿಂಗೇ. ಬೇಕಾದ್ರೆ ನಮ್ಮ ಮರುಳಸಿದ್ದಯ್ಯನೋರ್ನ ಕೇಳಿ, ಊರಿನ ಹಿರೀಕರು." ಎಲ್ಲರೂ ಮಾವನವರ ಕಡೆ ತಿರುಗಿದರು. ಅವರು ಹೆಗಲ ಮೇಲಿನ ಟವೆಲ್ ತೆಗೆದು ಮತ್ತೆ ಹಾಕಿಕೊಂಡರು. ಅವರು ಹೌದು ಅಂದುಬಿಟ್ಟರೆ ಹಟ್ಟಿಯವರ ಮಾತನ್ನು ಅಲ್ಲಿ ಯಾರು ನಂಬುತ್ತಿದ್ದರು? ಮಾವನವರು ಬಾವಿಯ ಹತ್ತಿರ ಹೋಗಿ ಒಳಗೆ ಬಗ್ಗಿ ನೋಡಿದರು. ಆಮೇಲೆ ಹೇಳಿದರು: "ಬಾವಿ ಮೊದಲು ಹಿಂಗಿರ್ಲಿಲ್ಲ ಸ್ವಾಮಿ. ನಮ್ಮಪ್ಪನ ಕಾಲದಲ್ಲಿ ಉಳೋಕ್ ಬಂದೋರೆಲ್ಲ ಇದೇ ನೀರು ಕುಡೀತಿದ್ರು. ನಾನೂ ಕುಡ್ದಿದ್ದೀನಿ. ಗುಡ್ಡೆ ಬಿದ್ದ ಮೇಲೇ ಕೆಟ್ಟಿದ್ದು. ಜಾಗ ನಮ್ದೇ. ಕೊಟ್ಟೋನು ನಾನು. ಬರ್ಕೊಳ್ಳಿ." ತೋಂಟದಾರ್ಯನವರು ಏನೋ ಹೇಳಲು ಹೋದರು. ಮಾವನವರು ಅವರ ಮುಖ ನೋಡದೆ ತೋಟದ ದಾರಿ ಹಿಡಿದು ಬಂದುಬಿಟ್ಟರು. ನನ್ನ ಪಕ್ಕದಲ್ಲೇ ಹಾದುಹೋದರು, ನಿಲ್ಲಲಿಲ್ಲ.

ಮನೆಗೆ ಬಂದ ಮೇಲೆ ನಾನೇ ಧೈರ್ಯ ಮಾಡಿ ನೀರು ತಂದು ಕೊಟ್ಟೆ. ಕುಡಿದರು. "ನೀನು ಮಾಡಿದ್ದು ಸರಿ ಅಂತ ನಾನು ಹೇಳಿಲ್ಲ, ತಿಳ್ಕೋ. ಅಷ್ಟು ಜನದ ಮುಂದೆ ಸುಳ್ಳು ಹೇಳೋಕ್ಕಾಗಲಿಲ್ಲ, ಅಷ್ಟೇಯ. ಐವತ್ತು ವರ್ಷದ ಸ್ನೇಹ ಕಣಮ್ಮ" ಎಂದರು. ನಾನು ಖಾಲಿ ಲೋಟ ಎತ್ತಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ, "ಊಟಕ್ಕಿಡು" ಎಂದರು. ನಿಸರ್ಗಳಿಗಲ್ಲ, ನನಗೇ. ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕೂತು ಅತ್ತುಬಿಟ್ಟೆ, ಯಾಕೆ ಅಂತ ನನಗೇ ಗೊತ್ತಿಲ್ಲ. ಅತ್ತೆ ಬೆನ್ನು ಸವರಿ, "ಹೊಗೆ ಕಣೇ" ಎಂದರು. ಗ್ಯಾಸ್ ಒಲೆಯಲ್ಲಿ ಎಲ್ಲಿಯ ಹೊಗೆ ಹೇಳಿ.

ಹೋದ ವಾರ ಎ.ಸಿ. ಸಾಹೇಬರ ಆದೇಶ ಬಂತು. ಗುಡ್ಡೆಗೆ ಇನ್ನು ಒಂದು ಬುಟ್ಟಿಯೂ ಸುರಿಯಬಾರದು, ಇರುವುದನ್ನು ತೆಗೆಯಬೇಕು, ಇಲ್ಲವಾದರೆ ಏಪ್ರಿಲ್‌ನಲ್ಲಿ ಬಂದು ಕಾರಣ ಹೇಳಬೇಕು. ಹಟ್ಟಿಗೆ ದಿನ ಬಿಟ್ಟು ದಿನ ಟ್ಯಾಂಕರ್ ಬರುತ್ತಿದೆ. ಗುಡ್ಡೆ ಇನ್ನೂ ಹಾಗೇ ಇದೆ, ಬಾವಿಯ ನೀರು ತಿಳಿಯಾಗಲು ಎಷ್ಟು ಮಳೆಗಾಲ ಬೇಕೋ ಯಾರಿಗೂ ತಿಳಿಯದು. ತೋಂಟದಾರ್ಯನವರು ನಮ್ಮ ಮನೆಯ ಮುಂದೆ ಹೋಗುವಾಗ ಈಗ ತಲೆ ತಿರುಗಿಸುತ್ತಾರೆ. ಗೆದ್ದೆವು ಎಂದು ನಾನು ಹೇಳುವುದಿಲ್ಲ. ಶುರುವಾಗಿದೆ ಎನ್ನುತ್ತೇನೆ.

ಮೊನ್ನೆ ಮೀನಾಕ್ಷಮ್ಮನವರು ಕರೆಸಿಕೊಂಡರು. ಈಗಿನಿಂದಲೇ ಕಾಲೇಜಿಲ್ಲದ ದಿನ ಬರಬೇಕು, ಪರೀಕ್ಷೆ ಮುಗಿದು ಸನ್ನದು ಸಿಕ್ಕಿದ ಮೇಲೆ ಪೂರ್ತಿ ಅವರ ಜೊತೆ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಮೂರೂ ಕಡೆ ವಾರಕ್ಕೊಂದು ದಿನ ಕೂತು ಜನರ ತೊಂದರೆ ಕೇಳಬೇಕು. "ಕಾಲು ನೋಯ್ತದೆ" ಎಂದರು ಮತ್ತೆ. ನೋಯಲಿ ಮೇಡಂ ಎಂದೆ. ಸಂಬಳ ಭಾವನವರು ಕೊಡುತ್ತೇನೆಂದದ್ದಕ್ಕಿಂತ ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಒಪ್ಪಿಕೊಂಡು ಬಂದೆ. ನಿಮ್ಮನ್ನು ಕೇಳಿ ಹೇಳುತ್ತೇನೆ ಎಂದು ಹೇಳಬಹುದಿತ್ತು, ಹೇಳಲಿಲ್ಲ. ನನ್ನನ್ನು ಕಾಲೇಜಿಗೆ ಬಿಟ್ಟು ಬಂದ ದಿನ ಬಸ್ ಸ್ಟ್ಯಾಂಡಿನಲ್ಲಿ, ಯಾವ ಕೆಲಸ ಮಾಡಿದರೂ ನಿನ್ನ ಮನಸ್ಸು ಒಪ್ಪಿದ್ದು ಮಾಡು ಎಂದವರು ನೀವು. ಆ ಮಾತನ್ನು ನಾನು ಪೂರ್ತಿ ನಂಬಿದ್ದೇನೆ. ಭಾವನವರಿಗೂ ನಾನೇ ಹೋಗಿ ಹೇಳಿದೆ. ಅವರು ಕಪಾಟಿನಿಂದ ತಮ್ಮ ಹಳೆಯ ಕಾನೂನು ಪುಸ್ತಕಗಳನ್ನು ತೆಗೆದು ಕಟ್ಟಿಕೊಟ್ಟರು. "ಮಾಯಸಂದ್ರದ ಆ ಹೆಂಗಸು ಸಿಕ್ಕಿದ್ರೆ ವಿಚಾರಿಸು" ಎಂದರು. ಸಿಕ್ಕಿದರೆ ಅಲ್ಲ, ಬರುವ ಬುಧವಾರ ನಾನೇ ಹುಡುಕಿಕೊಂಡು ಹೋಗುತ್ತಿದ್ದೇನೆ.

ಅತ್ತೆ ಮಾವ ಆಶೀರ್ವಾದ ತಿಳಿಸಿದ್ದಾರೆ. ನಿಸರ್ಗ ಹಿಂದಿನ ಪುಟದಲ್ಲಿ ನಿಮ್ಮ ಚಿತ್ರ ಬರೆದಿದ್ದಾಳೆ. ಮೀಸೆ ಮುಖಕ್ಕಿಂತ ದೊಡ್ಡದಾಗಿದೆ, ತಿದ್ದಲು ಬಿಡಲಿಲ್ಲ. ಕೆಮ್ಮು ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ. ನಿಮ್ಮ ಜೊತೆಯವರೆಲ್ಲರನ್ನೂ ಕೇಳಿದೆ ಎಂದು ಹೇಳಿ. ಬೇಗ ರಜೆ ಸಿಗಲಿ, ಸುಖವಾಗಿ ಬನ್ನಿ.

ನಿಮ್ಮವಳೇ ಆದ,
ಅನಿತಾ

ವಿ.ಸೂ. (ಸೋಮವಾರ ಬೆಳಿಗ್ಗೆ): ಟಪಾಲು ಹೊರಡುವ ಹೊತ್ತಾಯಿತು. ಇಷ್ಟುದ್ದ ಬರೆದು, ಬರೆಯಲೇಬೇಕಾದದ್ದನ್ನು ಬಿಟ್ಟಿದ್ದೇನೆ. ಆ ಪಾಳು ನೆಲ ಹೋದ ವರ್ಷ ಪಾಲಾದಾಗ ನಿಮ್ಮ ಹೆಸರಿಗೆ ಬಂತಲ್ಲ, ಪಹಣಿಯಲ್ಲಿ ಮಾಲೀಕರು ನೀವೇ. ಹಾಗಾಗಿ ಅರ್ಜಿಯಲ್ಲಿ ಒಂದನೇ ಎದುರುದಾರರು ತೋಂಟದಾರ್ಯ, ಎರಡನೇ ಎದುರುದಾರರು ಮಲ್ಲೇಶ್ ಬಿನ್ ಮರುಳಸಿದ್ದಯ್ಯ. ಅದನ್ನು ಬರೆದ ಕೈ ನನ್ನದು. ನೋಟಿಸು ನಿಮ್ಮ ಠಾಣೆಯ ವಿಳಾಸಕ್ಕೆ ಹೊರಟಿದೆ. ಅದಕ್ಕಿಂತ ಮೊದಲು ಈ ಕಾಗದ ತಲುಪಲಿ ಎಂದೇ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ, ಗಾಬರಿಯಾಗಬೇಡಿ. ನೀವು ತಕರಾರು ಹಾಕಬಹುದು, ಅದು ನಿಮ್ಮ ಹಕ್ಕು. ಹಾಕಿದರೆ ಜ್ಞಾನೇಶ್ ಭಾವ ನಿಮ್ಮ ಪರ ನಿಲ್ಲುತ್ತಾರೆ, ಅವರನ್ನು ಕೇಳಿದ್ದೇನೆ. ಏನು ಉತ್ತರ ಬರೆಯಬೇಕೆಂದು ಮಾತ್ರ ನನ್ನನ್ನು ಕೇಳಬೇಡಿ, ನಾನು ಹೇಳುವ ಹಾಗಿಲ್ಲ, ಹೇಳುವುದೂ ಇಲ್ಲ. ಏಪ್ರಿಲ್ ರಜೆಗೆ ಬಂದು ತಿಪಟೂರಿನ ಎ.ಸಿ. ಕಚೇರಿಯಲ್ಲಿ ಎದುರು ಸಾಲಿನಲ್ಲಿ ಕೂತರೂ ಸರಿಯೇ, ಮಧ್ಯಾಹ್ನದ ಬುತ್ತಿ ಇಬ್ಬರಿಗೂ ಆಗುವಷ್ಟು ತಂದಿರುತ್ತೇನೆ.